ಈಥರ್‌ನೆಟ್ಟಿನಲ್ಲೂ ಕೊನೆಭಾಗದವರಿದ್ದಾರೆ

ಸಿಂಧನೂರು, ಮಸ್ಕಿ ಕಡೆಯ ನಮಗೆ ಹಂಚಿಕೆ ಅಂದ್ರೆ ತುಂಗಭದ್ರಾ ಎಡದಂಡೆ ಕಾಲುವೆ: ಮೇಲ್ಭಾಗದವರು ಬಿಟ್ಟರೆ ಕೊನೆಭಾಗಕ್ಕೆ ನೀರು.

ಹಳೆಯ ಈಥರ್‌ನೆಟ್ಟಿನಲ್ಲಿ ಎಲ್ಲ ಕಂಪ್ಯೂಟರಿಗೂ ಒಂದೇ ಕೇಬಲ್. ಎರಡು ಒಟ್ಟಿಗೆ ಕಳಿಸಿದರೆ ಡಿಕ್ಕಿ. ಆಗ ಎರಡೂ ನಿಲ್ಲಿಸಿ, ಚೀಟಿ ಎತ್ತಿದ ಹಾಗೆ ಒಂದು ಸಂಖ್ಯೆ ಆರಿಸಿ, ಅಷ್ಟು ಹೊತ್ತು ಕಾಯಬೇಕು. ಮತ್ತೆ ಡಿಕ್ಕಿಯಾದರೆ ಚೀಟಿಗಳು ದುಪ್ಪಟ್ಟು: 2, 4, 8, ಹೀಗೆ 1024ರವರೆಗೆ. ಇಲ್ಲಿ ಮೇಲ್ಭಾಗವೇ ಇಲ್ಲ, ಎಲ್ಲರಿಗೂ ಸಮಾನ ನ್ಯಾಯ ಅಂತ ಓದ್ತೀವಿ.

ನಾವು ಒಪ್ಪಲ್ಲ. ಕಳಿಸಿ ಗೆದ್ದವನ ಲೆಕ್ಕ ಸೊನ್ನೆಗೆ ಬರುತ್ತೆ, ಸೋತವನದು ಹಾಗೇ ಉಳಿಯುತ್ತೆ. ಮುಂದಿನ ಡಿಕ್ಕಿಯಲ್ಲಿ ಗೆದ್ದವನ ಕೈಲಿ ಎರಡೇ ಚೀಟಿ, ಸೋತವನ ಕೈಲಿ ನಾಲ್ಕೋ ಎಂಟೋ. 16 ಸಲ ಡಿಕ್ಕಿಯಾದರೆ ಅವನ ಫ್ರೇಮನ್ನೇ ಕೈಬಿಡ್ತಾರೆ! ಸ್ವಿಚ್‌ಗಳು ಬಂದ ಮೇಲೆ ಈ ಜಗಳ ಮುಗೀತು, ಸರಿ. ಆದರೂ ಲ್ಯಾಬ್ ರೆಕಾರ್ಡಿನಲ್ಲಿ ಸರಾಸರಿ ವೇಗದ ಪಕ್ಕ, ಅತಿ ಹೆಚ್ಚು ಕಾದ ಕಂಪ್ಯೂಟರಿನ ಹೊತ್ತನ್ನೂ ಬರೆಸಲಿ.