ಹೊರನಾಡಿನ ಹಬ್ಬವೂ ಹುಟ್ಟುನಾಡಿನ ಹೊಲಿಗೆಯೂ

ಪ್ಯಾಲೆಸ್ಟೈನ್ ನಾಡಿನ ಕಡಲ ಸೀಮೆಯಲ್ಲಿ, ಯಾಫಾ ಪಟ್ಟಣಕ್ಕೆ ದಕ್ಷಿಣವಾಗಿ, ನಬೀ ರೂಬೀನ್ ಎಂಬ ಪ್ರವಾದಿಯ ಗೋರಿಗುಡಿಯೊಂದುಂಟು. ಪೂರ್ವದಲ್ಲಿ ಪ್ರತಿವರ್ಷವೂ ಬೇಸಗೆ ಕಳೆಯುವ ಹೊತ್ತಿಗೆ ಯಾಫಾ, ಲಿದ್ದಾ, ರಮ್ಲಾ ಊರುಗಳ ಸಂಸಾರಗಳು ಹಾಸಿಗೆ ಪಾತ್ರೆಗಳನ್ನು ಹೇರಿಕೊಂಡು ಅಲ್ಲಿಗೆ ಬಂದು, ಮರಳಿನ ಮೇಲೆ ಡೇರೆ ಹೊಡೆದು, ವಾರಗಟ್ಟಲೆ ತಂಗುತ್ತಿದ್ದುವು. ರೂಬೀನಿಗೆ ಕರೆದೊಯ್ಯಿರಿ, ಇಲ್ಲವಾದರೆ ಬಿಟ್ಟುಬಿಡಿರಿ ಎಂದು ಹೆಂಡತಿಯರು ಗಂಡಂದಿರನ್ನು ಕಾಡುತ್ತಿದ್ದರೆಂಬ ಮಾತು ಆ ಸೀಮೆಯಲ್ಲಿ ಗಾದೆಯಾಗಿ ಉಳಿದಿದೆ. ೧೯೪೮ರಲ್ಲಿ ಆ ಜಾತ್ರೆ ನಿಂತುಹೋಯಿತು. ಹೋಗತಕ್ಕ ಜನರೇ ಊರಿನಲ್ಲಿ ಇಲ್ಲವಾದ ಮೇಲೆ ಜಾತ್ರೆಯೆಲ್ಲಿಯದು? ಆ ಯುದ್ಧಕಾಲದಲ್ಲಿ ಏಳು ಲಕ್ಷಕ್ಕೂ ಮೀರಿದ ಜನರು ಮನೆಮಠಗಳನ್ನು ಕಳೆದುಕೊಂಡು ನಿರಾಶ್ರಿತರಾದರು. ನಾನೂರಕ್ಕೂ ಹೆಚ್ಚಿನ ಹಳ್ಳಿಗಳು ಬರಿದಾದುವು.

ಇಂದು ಆ ಜನರ ಮಕ್ಕಳೂ ಮೊಮ್ಮಕ್ಕಳೂ, ಅವರಿಗಿಂತ ಮೊದಲೇ ಹೊಟ್ಟೆಪಾಡಿಗಾಗಿ ಸಮುದ್ರ ದಾಟಿದವರ ಸಂತತಿಯವರೂ, ಚಿಲಿ ದೇಶದ ಸಾಂಟಿಯಾಗೋ, ಅಮೆರಿಕದ ಪ್ಯಾಟರ್ಸನ್, ಹ್ಯೂಸ್ಟನ್ ಮೊದಲಾದ ನಗರಗಳಲ್ಲಿ ನೆರೆದು ತಮ್ಮ ನಾಡಹಬ್ಬಗಳನ್ನು ಆಚರಿಸುತ್ತಿದ್ದಾರೆ. ದಬ್ಕೆ ಎಂಬ ಸಾಲುಕುಣಿತ, ತತ್ರೀಜ್ ಎಂಬ ಕಸೂತಿ, ಊದ್ ಎಂಬ ತಂತಿವಾದ್ಯ, ಮಕ್ಲೂಬೆ ಎಂಬ ಅನ್ನ, ಕುನಾಫೆ ಎಂಬ ಸಿಹಿ, ಇವು ಅಲ್ಲಿಯ ಮುಖ್ಯ ಅಂಗಗಳು. ಪ್ಯಾಟರ್ಸನ್ ನಗರದಲ್ಲಿ ೨೦೨೨ರಲ್ಲಿ ಹೆದ್ದಾರಿಬೀದಿಯ ಒಂದು ಭಾಗಕ್ಕೆ ಪ್ಯಾಲೆಸ್ಟೈನಿನ ಹೆಸರನ್ನೇ ಇಟ್ಟಿರುವರು. ಇಂಥ ಉತ್ಸವಗಳಿಂದ ಒಂದು ಜನಾಂಗದ ಪರಂಪರೆ ಉಳಿಯುವುದೆಂಬುದು ಇವರ ನಂಬಿಕೆ. ಇದಕ್ಕೆ ವಿರೋಧವಾಗಿ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಅವುಗಳನ್ನು ಒಂದೊಂದಾಗಿ ವಿಚಾರಿಸತಕ್ಕದ್ದು.

ಮೊದಲನೆಯ ಪೂರ್ವಪಕ್ಷವಿದು: ತಾಯ್ನಾಡಿನಲ್ಲಿ ಹೆಣಗಳು ಬೀಳುತ್ತಿರುವಾಗ ಹೊರನಾಡಿನಲ್ಲಿ ಕುಣಿಯುವುದು ಯಾವ ಧರ್ಮ? ಮೇಲುನೋಟಕ್ಕೆ ಈ ಮಾತು ಘನವಾಗಿ ತೋರುವುದು. ಆದರೆ ಕುಣಿತವೆಲ್ಲವೂ ವಿಲಾಸವೆಂಬ ಭ್ರಮೆ ಇದರ ಬುಡದಲ್ಲಿದೆ. ಮಣ್ಣಿನ ಮಾಳಿಗೆಯನ್ನು ನೆರೆಹೊರೆಯವರು ಕೈಕೈ ಹಿಡಿದು ತುಳಿದು ಗಟ್ಟಿಮಾಡುತ್ತಿದ್ದ ಕೆಲಸದಿಂದಲೇ ದಬ್ಕೆ ಹುಟ್ಟಿತೆಂದು ಆ ನಾಡಿನ ಹಿರಿಯರು ಹೇಳುವರು. ಒಬ್ಬನ ಮನೆ ಸೋರದಂತೆ ಹತ್ತು ಮಂದಿ ಹೆಜ್ಜೆಯಿಡುವುದು ಅದರ ತಾತ್ಪರ್ಯ. ಕಸೂತಿಯ ಚರಿತ್ರೆಯೂ ಹೀಗೆಯೇ. ೧೯೬೭ರಿಂದ ೧೯೯೩ರವರೆಗೆ ಆಕ್ರಮಿತ ಪ್ರದೇಶಗಳಲ್ಲಿ ಪ್ಯಾಲೆಸ್ಟೈನಿನ ಬಾವುಟವನ್ನು ಹಾರಿಸುವುದಕ್ಕೆ ನಿಷೇಧವಿತ್ತು. ೧೯೮೭ರ ಬಂಡಾಯದ ಕಾಲದಲ್ಲಿ ಅಲ್ಲಿಯ ಹೆಂಗಸರು ಆ ಬಾವುಟದ ಬಣ್ಣಗಳನ್ನೇ ತಮ್ಮ ಅಂಗಿಗಳ ಎದೆಯ ಮೇಲೆ ಹೊಲಿದುಕೊಂಡು ಬೀದಿಗೆ ಬಂದರು. ಸೂಜಿ ಹಿಡಿದ ಆ ಕೈಗಳನ್ನು ಯಾರು ವಿಲಾಸಿನಿಯರ ಕೈಗಳೆಂದಾರು? ದುಃಖಕ್ಕೆ ಅಳು ಒಂದೇ ಭಾಷೆಯಲ್ಲ.

ಎರಡನೆಯ ಪೂರ್ವಪಕ್ಷವು ಇನ್ನೂ ಜಾಣತನದ್ದು. ಪರದೇಶದಲ್ಲಿ ಹುಟ್ಟಿ, ಪರಭಾಷೆಯಲ್ಲಿ ಬೆಳೆದ ಮೂರನೆಯ ನಾಲ್ಕನೆಯ ತಲೆಮಾರಿನ ಮಕ್ಕಳಿಗೆ ಈ ವೇಷವೇಕೆ, ಅವರು ಬಂದ ನಾಡಿನಲ್ಲಿ ಕರಗಿಹೋಗುವುದೇ ಸಹಜವಲ್ಲವೇ ಎಂದು ಇವರು ಕೇಳುವರು. ಇದಕ್ಕೆ ಚಿಲಿ ದೇಶವೇ ಉತ್ತರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೂ ಬೆತ್ಲೆಹೇಮ್, ಬೈತ್ ಜಾಲಾ, ಬೈತ್ ಸಾಹೂರ್ ಊರುಗಳ ಕ್ರೈಸ್ತ ಕುಟುಂಬಗಳು ಅಲ್ಲಿಗೆ ವಲಸೆ ಹೋದುವು. ತುರ್ಕೀ ಸಾಮ್ರಾಜ್ಯದ ರಹದಾರಿ ಹಿಡಿದು ಬಂದವರಾದುದರಿಂದ ಸ್ಥಳೀಯರು ಅವರನ್ನು ತುರ್ಕರೆಂದು ಹೀಯಾಳಿಸಿದರು. ಅರಬೀ ಭಾಷೆಯಾದರೋ ಎರಡು ಮೂರು ತಲೆಮಾರುಗಳಲ್ಲಿ ಬಹುಮಟ್ಟಿಗೆ ಬಾಯಿಂದ ಜಾರಿತು. ಆದರೂ ಅವರು ೧೯೨೦ರಲ್ಲಿ ಕಟ್ಟಿದ ಕಾಲ್ಚೆಂಡಾಟದ ತಂಡಕ್ಕೆ ಪಾಲೆಸ್ತೀನೋ ಎಂದೇ ಹೆಸರಿಟ್ಟರು. ನಾಡಿನ ಬಣ್ಣಗಳನ್ನೇ ತೊಡಿಸಿದರು. ೨೦೧೪ರಲ್ಲಿ ಆಟಗಾರರ ಅಂಗಿಯ ಮೇಲೆ ಒಂದು ಎಂಬ ಅಂಕಿಯನ್ನು ಪೂರ್ವದ ಪ್ಯಾಲೆಸ್ಟೈನ್ ನಕ್ಷೆಯ ಆಕಾರದಲ್ಲಿ ಬರೆಸಿದುದಕ್ಕಾಗಿ ಆ ತಂಡವು ದಂಡ ತೆರಬೇಕಾಯಿತು. ಅರಬ್ ದೇಶಗಳ ಹೊರಗೆ ಪ್ಯಾಲೆಸ್ಟೈನೀಯರ ಅತ್ಯಂತ ದೊಡ್ಡ ಸಮುದಾಯವಿರುವುದು ಚಿಲಿಯಲ್ಲಿಯೇ. ಸಾಮಾನ್ಯವಾದ ಅಂದಾಜಿನಂತೆ ಅವರು ಸುಮಾರು ಐದು ಲಕ್ಷ ಮಂದಿ. ನೂರು ವರ್ಷ ಕಳೆದರೂ ಇವರು ಕರಗಿದವರಲ್ಲ. ಚಿಲಿಯ ಸತ್ಪ್ರಜೆಗಳಾಗಿಯೂ ಬೈತ್ ಜಾಲಾದ ಮಕ್ಕಳಾಗಿಯೂ ಉಳಿದಿರುವರು. ಬಂದ ಮನೆಗೆ ಬೆಳಕಾದ ಸೊಸೆ ಹುಟ್ಟಿದ ಮನೆಯ ಹೆಸರನ್ನು ಮರೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮೂರನೆಯವರು ಪಂಡಿತರು. ಪರಂಪರೆಯೆಂಬುದು ಮಣ್ಣಿಗೆ ಅಂಟಿದ ವಸ್ತು, ಅದನ್ನು ತಾಯ್ನಾಡಿನವರೇ ಕಾಯಲಿ, ಹೊರಗಿನದೆಲ್ಲ ನಕಲು ಎಂದು ಇವರ ವಾದ. ತಾಯ್ನಾಡಿನ ಸ್ಥಿತಿಯನ್ನು ನೋಡದೆ ಆಡಿದ ಮಾತಿದು. ೨೦೨೩ರ ಅಕ್ಟೋಬರ್ ತಿಂಗಳಿನಿಂದ ನಡೆದ ಯುದ್ಧದಲ್ಲಿ ಗಾಜಾದ ಮಹಾ ಒಮರೀ ಮಸೀದಿ ಹಾಳಾಯಿತು. ಪುರಾತನವಾದ ಸಂತ ಪೋರ್ಫಿರಿಯಸರ ಇಗರ್ಜಿಯ ಆವರಣದ ಮೇಲೆ ಬಾಂಬು ಬಿದ್ದಿತು. ವಸ್ತುಸಂಗ್ರಹಾಲಯವಾಗಿದ್ದ ಪಾಷಾ ಅರಮನೆ ನೆಲಕ್ಕುರುಳಿತು. ನೂರಕ್ಕೂ ಹೆಚ್ಚು ಸಾಂಸ್ಕೃತಿಕ ಸ್ಥಳಗಳಿಗೆ ಹಾನಿಯಾಗಿರುವುದನ್ನು ಯುನೆಸ್ಕೋ ಸಂಸ್ಥೆಯೇ ಪರಿಶೀಲಿಸಿ ತಿಳಿಸಿದೆ. ಇದು ಹೊಸದೂ ಅಲ್ಲ. ಜೆರೂಸಲೇಮಿನ ವೈದ್ಯರಾಗಿದ್ದ ತೌಫೀಕ್ ಕನಾನರು ಹಳ್ಳಿಗಾಡಿನ ನಂಬಿಕೆಗಳನ್ನೂ ತಾಯಿತಗಳನ್ನೂ ಆಜನ್ಮ ಸಂಗ್ರಹಿಸಿದ ಮಹನೀಯರು. ೧೯೪೮ರಲ್ಲಿ ಅವರ ಮನೆಯೂ ಗ್ರಂಥಭಂಡಾರವೂ ಕೈಬಿಟ್ಟುಹೋದುವು. ಕಟ್ಟಡದಲ್ಲಿಟ್ಟುದು ಕಟ್ಟಡದೊಡನೆ ಹೋಗುವುದು. ವಿದ್ಯೆಯನ್ನು ಕಳ್ಳನು ಕದಿಯಲಾರನೆಂದು ಹಿರಿಯರು ಹೇಳಿದುದು ಬರಿಯ ಅಲಂಕಾರವಲ್ಲ. ಬೆರಳಿಗೆ ಬಂದ ಹೊಲಿಗೆ, ಕಾಲಿಗೆ ಬಂದ ಹೆಜ್ಜೆ, ನಾಲಗೆಗೆ ಬಂದ ಕಥೆ, ಇವು ಗಡಿ ದಾಟುವಾಗ ಸುಂಕದವನ ಕಣ್ಣಿಗೂ ಬೀಳವು. ಯುನೆಸ್ಕೋ ಸಂಸ್ಥೆಯು ೨೦೨೧ರಲ್ಲಿ ಪ್ಯಾಲೆಸ್ಟೈನಿನ ಕಸೂತಿಯನ್ನೂ ೨೦೨೩ರಲ್ಲಿ ದಬ್ಕೆಯನ್ನೂ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದಾಗ ಕಲ್ಲುಮಣ್ಣನ್ನಲ್ಲ, ಈ ಕೈಬಳಕೆಯನ್ನೇ ಗೌರವಿಸಿತು.

ಹೀಗೆ ಪೂರ್ವಪಕ್ಷಗಳು ಮೂರೂ ನಿಲ್ಲವು. ಆದರೆ ಇಷ್ಟರಿಂದ ಉತ್ಸವವನ್ನು ನಡೆಸುವವರು ಗೆದ್ದೆವೆಂದು ಹಿಗ್ಗಬಾರದು. ಅವರ ಮೇಲೆಯೂ ಒಂದು ಆಕ್ಷೇಪವುಂಟು. ಅದು ಹೊರಗಿನವರ ಆಕ್ಷೇಪಗಳಿಗಿಂತ ಭಾರವಾದದ್ದು.

ಉತ್ಸವವೆಂದರೆ ವೇದಿಕೆ, ದೀಪಾಲಂಕಾರ, ಧ್ವನಿವರ್ಧಕ, ಸಂಭಾವನೆ ಪಡೆದ ಗಾಯಕ, ಗಣ್ಯರ ಭಾಷಣ, ತಿಂಡಿಯ ಅಂಗಡಿಗಳ ಸಾಲು, ಇಷ್ಟೇ ಎಂದು ತಿಳಿದರೆ ಪರಂಪರೆಯು ಉಳಿಯುವುದಿಲ್ಲ. ಪ್ರದರ್ಶನಕ್ಕೆ ಬರುತ್ತದೆ, ಅಷ್ಟೆ. ಯಂತ್ರದಲ್ಲಿ ಕಸೂತಿ ಮೂಡಿಸಿದ ಅಂಗಿಯನ್ನು ಕೊಂಡು ತೊಟ್ಟ ಬಾಲೆಗೆ ಅದರ ಎದೆಯ ಮೇಲಿನ ಚಿತ್ರ ಸುರಹೊನ್ನೆಯೋ ಸೈಪ್ರಸ್ ಮರವೋ ತಿಳಿಯದು. ಪೂರ್ವದಲ್ಲಿ ಅಂಗಿಯ ಹೊಲಿಗೆಯನ್ನು ನೋಡಿದೊಡನೆ ಉಟ್ಟವಳ ಊರು ಯಾವುದೆಂದು ಹೇಳಬಹುದಾಗಿತ್ತು. ಸೈಪ್ರಸ್ ಮರ, ಚಂದ್ರ, ಪಾಷಾನ ಡೇರೆ ಎಂದು ಒಂದೊಂದು ಚಿತ್ತಾರಕ್ಕೂ ಹೆಸರಿತ್ತು. ತಾಯಿ ಮಗಳಿಗೆ ಆ ಹೆಸರಿನೊಡನೆಯೇ ಹೊಲಿಗೆಯನ್ನು ಕಲಿಸುತ್ತಿದ್ದಳು. ಹೆಸರು ಹೋದರೆ ಊರು ಎರಡನೆಯ ಸಲ ಬರಿದಾದಂತೆ.

ಇದರಿಂದ ಹಳೆಯದನ್ನು ಕಿಂಚಿತ್ತೂ ಬದಲಿಸದೆ ಇಡಬೇಕೆಂದು ತಿಳಿಯಬಾರದು. ಫ್ರಾನ್ಸ್ ದೇಶದ ನೂಲೂ ಅದರೊಡನೆ ಬಂದ ಹೂವಿನ ಚಿತ್ತಾರಗಳೂ ೧೯೪೮ಕ್ಕೆ ಮೊದಲೇ ಆ ಹಳ್ಳಿಗಳನ್ನು ಹೊಕ್ಕಿದ್ದುವು. ನಿರಾಶ್ರಿತರ ಶಿಬಿರಗಳಲ್ಲಿ ಬೇರೆ ಬೇರೆ ಊರಿನ ಹೆಂಗಸರು ಒಂದೆಡೆ ಕುಳಿತಾಗ ಊರೂರಿನ ಮಾದರಿಗಳು ಒಂದೇ ಅಂಗಿಯಲ್ಲಿ ಬೆರೆತುವು. ಕೈ ಜೀವಂತವಾಗಿದ್ದರೆ ಮಾರ್ಪಾಟಿನಿಂದ ಭಯವಿಲ್ಲ. ಕೈಯೇ ಸುಮ್ಮನಾಗಿ ಕಣ್ಣು ಮಾತ್ರ ನೋಡುತ್ತಿದ್ದರೆ ಭಯವುಂಟು.

ಕಾಲವಾದರೂ ಎಷ್ಟಿದೆ? ೧೯೪೮ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರದಲ್ಲಿರುವರು. ತಮ್ಮ ಊರಿನ ಬಾವಿ ಎಲ್ಲಿತ್ತು, ಕಣ ಎಲ್ಲಿತ್ತು, ಮದುವೆಯಲ್ಲಿ ಹೆಣ್ಣಿಗೆ ಏನನ್ನು ಹಾಡುತ್ತಿದ್ದರು ಎಂಬುದನ್ನು ಕಂಡು ಹೇಳಬಲ್ಲವರು ಅವರೇ ಕಡೆಯವರು. ಉತ್ಸವದ ದಿನ ಅಂಥ ಅಜ್ಜಿಯೊಬ್ಬಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿ, ಶಾಲು ಹೊದಿಸಿ, ಚಿತ್ರ ತೆಗೆದು ಕಳುಹಿಸುವುದು ಸನ್ಮಾನವಲ್ಲ, ಅಪವ್ಯಯ. ಆಕೆಯನ್ನು ಚಾಪೆಯ ಮೇಲೆ ಕೂಡಿಸಿ, ಸುತ್ತಲೂ ಹತ್ತು ಮಕ್ಕಳ ಕೈಗೆ ಸೂಜಿದಾರ ಕೊಟ್ಟು, ಒಂದೇ ಒಂದು ಚಿತ್ತಾರವನ್ನು ಅದರ ಅರಬೀ ಹೆಸರಿನೊಡನೆ ಕಲಿಸುವಂತೆ ಬೇಡುವುದೇ ಸನ್ಮಾನ. ಹಿರಿಯರು ಹೇಳುವ ಕಥೆಯನ್ನು, ಅರ್ಥವಾಗಲಿ ಆಗದಿರಲಿ, ಮೊದಲು ಅರಬಿಯಲ್ಲಿಯೇ ಕೇಳಿಸಿ ಬಳಿಕ ಪರಭಾಷೆಯಲ್ಲಿ ತಿಳಿಸಬೇಕು. ಚಿಲಿಯವರು ಭಾಷೆಯನ್ನು ಕಳೆದುಕೊಂಡೂ ಹೆಸರನ್ನು ಉಳಿಸಿಕೊಂಡರೆಂಬುದು ನಿಜ. ಭಾಷೆಯೂ ಉಳಿದಿದ್ದರೆ ಉಳಿಯುತ್ತಿದ್ದುದು ಇನ್ನೆಷ್ಟೋ ಎಂಬುದೂ ಅಷ್ಟೇ ನಿಜ.

ದೇಹಲೀದೀಪನ್ಯಾಯವೆಂಬುದೊಂದುಂಟು: ಹೊಸ್ತಿಲ ಮೇಲಿಟ್ಟ ದೀಪವು ಹೊರಗೂ ಒಳಗೂ ಬೆಳಗುವುದು. ಹೊರನಾಡಿನ ಹಬ್ಬವು ಅಂಥ ದೀಪವಾಗಬೇಕು. ಈಗ ಅನೇಕ ಕಡೆ ಅದರ ಬೆಳಕು ಬೀದಿಯ ಕಡೆಗೇ ಬೀಳುತ್ತಿದೆ. ನೋಡಲು ಬಂದ ಅನ್ಯರು ಮೆಚ್ಚಿ, ತಿಂದು, ಹೋಗುತ್ತಾರೆ. ಮನೆಯೊಳಗಿನ ಮಗು ಕತ್ತಲೆಯಲ್ಲಿಯೇ ಉಳಿಯುತ್ತದೆ. ನೆರೆದವರ ತಲೆಗಳನ್ನೆಣಿಸಿ ಉತ್ಸವದ ಫಲವನ್ನು ಅಳೆಯುವ ಪದ್ಧತಿಯನ್ನು ಬಿಡಬೇಕು. ಈ ವರ್ಷ ಎಷ್ಟು ಮಕ್ಕಳು ಹೊಸದಾಗಿ ಹೊಲಿಯಲು ಕಲಿತರು, ಎಷ್ಟು ಮಂದಿ ತಮ್ಮ ಹಳ್ಳಿಯ ಹೆಸರನ್ನು ತಡವರಿಸದೆ ಹೇಳಿದರು ಎಂದು ಲೆಕ್ಕ ಬರೆಯಲಿ. ಆ ಲೆಕ್ಕದಲ್ಲಿ ಹತ್ತು ಮಕ್ಕಳಿದ್ದರೂ ಹಬ್ಬ ಸಾರ್ಥಕ. ಒಬ್ಬರೂ ಇಲ್ಲದಿದ್ದರೆ ಹತ್ತು ಸಾವಿರ ಜನ ನೆರೆದುದೂ ವ್ಯರ್ಥ.