ಅಭಿಮಾನಿಯೂ ರಸಿಕನೂ

ಹೊಸ ಹಾಡೊಂದು ಹೊರಬಿದ್ದ ಮಾರನೆಯ ದಿವಸವೇ, ಅದಕ್ಕೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಇಷ್ಟು ಕೋಟಿ ವೀಕ್ಷಣೆಗಳು ಸಂದುವೆಂಬ ವರ್ತಮಾನವು ಪ್ರಕಟವಾಗುವುದನ್ನು ವಾಚಕರು ಬಲ್ಲರು. ಹಾಡಿನ ಧಾಟಿ ಯಾವುದು, ಸಾಹಿತ್ಯವೆಂತಹುದು, ಹಾಡಿದವರ ಕಂಠ ಹೇಗಿದ್ದಿತು ಎಂಬ ಮಾತು ಆ ವರ್ತಮಾನದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಂಖ್ಯೆಯೇ ವಿಮರ್ಶೆ, ಸಂಖ್ಯೆಯೇ ಬಿರುದು. ಇದರಿಂದ ಸಂಗೀತಕ್ಕೆ ಲಾಭವೋ ನಷ್ಟವೋ ಎಂಬುದನ್ನು ವಿಚಾರಮಾಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲು ಈ ಸಂಖ್ಯೆಗಳು ಹುಟ್ಟುವ ಬಗೆಯನ್ನು ನೋಡೋಣ. ೨೦೧೯ರ ಜುಲೈ ತಿಂಗಳಲ್ಲಿ ಹಿಂದೀ ಹಾಡೊಂದು ಯೂಟ್ಯೂಬಿನಲ್ಲಿ ಒಂದೇ ದಿವಸಕ್ಕೆ ೭.೫ ಕೋಟಿ ವೀಕ್ಷಣೆಗಳನ್ನು ಪಡೆದು ಜಗತ್ತಿನ ದಾಖಲೆಯನ್ನು ಮುರಿಯಿತೆಂದು ಸಾರಲಾಯಿತು. ಹಣ ತೆತ್ತು ಹಾಕಿಸಿದ ಜಾಹೀರಾತುಗಳ ಮೂಲಕ ಬಂದ ವೀಕ್ಷಣೆಗಳ ವಿಷಯವಾಗಿ ಆಗ ದೊಡ್ಡ ಚರ್ಚೆ ಎದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಂತಹ ವೀಕ್ಷಣೆಗಳನ್ನು ಇನ್ನು ಮುಂದೆ ದಾಖಲೆಗೆ ಪರಿಗಣಿಸುವುದಿಲ್ಲವೆಂದು ಯೂಟ್ಯೂಬ್ ಸಂಸ್ಥೆಯೇ ಪ್ರಕಟಿಸಬೇಕಾಯಿತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯು ೨೦೨೨ರಲ್ಲಿ, ಒಬ್ಬ ಗಿರಾಕಿಯು ಅಂತರ್ಜಾಲದಲ್ಲಿ ಒಂದೇ ಹಾಡನ್ನು ವಾರದೊಳಗೆ ಎಷ್ಟು ಸಲ ಕೊಂಡರೂ ಒಂದೇ ಪ್ರತಿಯನ್ನು ಲೆಕ್ಕಕ್ಕೆ ಹಿಡಿಯುವ ನಿಯಮವನ್ನು ಮಾಡಿತು. ದಕ್ಷಿಣ ಕೊರಿಯಾದ ಗಾಯಕ ತಂಡಗಳ ಧ್ವನಿಮುದ್ರಿಕೆಗಳಲ್ಲಿ ಚಿತ್ರದ ಚೀಟಿಗಳನ್ನು ಇಟ್ಟಿರುವರು. ಯಾರ ಚಿತ್ರವೆಂಬುದು ಪೊಟ್ಟಣವನ್ನು ಒಡೆಯುವತನಕ ತಿಳಿಯದು. ಬೇಕಾದ ಚಿತ್ರವು ದೊರೆಯುವವರೆಗೆ ಒಂದೇ ಮುದ್ರಿಕೆಯನ್ನು ಹತ್ತಾರು ಸಲ ಕೊಳ್ಳುವವರುಂಟು. ಇಲ್ಲಿ ಮಾರಾಟವಾಗುತ್ತಿರುವುದು ಹಾಡೋ, ಚೀಟಿಯೋ?

ಇಷ್ಟರಿಂದ ಅಭಿಮಾನಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ೨೦೨೦ರ ಜೂನ್ ತಿಂಗಳಲ್ಲಿ ಕೊರಿಯಾದ ಬಿ.ಟಿ.ಎಸ್. ತಂಡದವರು ಅಮೆರಿಕದ ಕರಿಯರ ಹಕ್ಕುಗಳಿಗಾಗಿ ನಡೆದ ಚಳವಳಿಗೆ ಹತ್ತು ಲಕ್ಷ ಡಾಲರುಗಳನ್ನು ಕೊಡಲು, ಅವರ ಅಭಿಮಾನಿಗಳೂ ಕೆಲವೇ ದಿವಸಗಳಲ್ಲಿ ಅಷ್ಟೇ ಹಣವನ್ನು ಕೂಡಿಸಿಕೊಟ್ಟರು. ಇಂತಹ ಪ್ರೀತಿಯು ಟೊಳ್ಳೆಂದು ಯಾರು ಹೇಳಬಲ್ಲರು? ಪ್ರೀತಿಯಲ್ಲಿ ದೋಷವಿಲ್ಲ. ಆ ಪ್ರೀತಿಯನ್ನು ವ್ಯಾಪಾರದ ಖಾತೆಯ ಗುಣಾಕಾರಕ್ಕೆ ಹಚ್ಚಿ, ಅದನ್ನೇ ರಸಿಕತೆಯೆಂದು ನಂಬಿಸುವುದರಲ್ಲಿ ದೋಷವಿದೆ.

ನಮ್ಮ ಪೂರ್ವಿಕರು ಈ ವಿಷಯವನ್ನು ಯೋಚಿಸದೆ ಇರಲಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಪ್ರಯೋಗದ ಸಿದ್ಧಿಯನ್ನು ಎರಡು ಬಗೆಯಾಗಿ ವಿಭಾಗಿಸಿದೆ. ಪ್ರೇಕ್ಷಕರು ನಗುವುದು, ಭಲೆ ಎನ್ನುವುದು, ಮೆಚ್ಚಿ ಉಡುಗೊರೆಗಳನ್ನು ಎಸೆಯುವುದು ಮಾನುಷ ಸಿದ್ಧಿ. ರಂಗವು ತುಂಬಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇರುವುದು ದೈವಿಕ ಸಿದ್ಧಿ. ಚಪ್ಪಾಳೆಯನ್ನು ಮುನಿಯು ತಿರಸ್ಕರಿಸಲಿಲ್ಲ. ಅದಕ್ಕಿಂತ ಮೇಲಾದುದೊಂದುಂಟೆಂದು ತೋರಿಸಿದನು. ಈಗಿನ ಎಣಿಕೆಯ ಯಂತ್ರಕ್ಕಾದರೋ ಇವೆರಡೂ ಕಾಣವು. ಕೋಣೆಯಲ್ಲಿ ಕೇಳುವ ಕಿವಿಯಿದ್ದಿತೇ, ಫೋನು ತನ್ನಷ್ಟಕ್ಕೆ ತಾನೇ ಹಾಡುತ್ತಿದ್ದಿತೇ ಎಂಬುದನ್ನು ಅದು ಅರಿಯದು.

ಇದು ಎಳೆಯರ ದೋಷವೊಂದೇ ಎಂದು ಹಿರಿಯರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮ ಸಂಗೀತ ಸಭೆಗಳಲ್ಲಿ ತನಿ ಆವರ್ತನವು ಮೊದಲಾಗುತ್ತಲೇ ಕಾಫಿಯನ್ನು ನೆನೆದು ಏಳುವ ಮಹನೀಯರೆಷ್ಟು ಮಂದಿ! ಮೃದಂಗದವರು ವರ್ಷಗಟ್ಟಲೆ ಸಾಧಿಸಿದ ವಿದ್ಯೆಯನ್ನು ಖಾಲಿ ಕುರ್ಚಿಗಳ ಮುಂದೆ ಒಪ್ಪಿಸಬೇಕಾಗುತ್ತದೆ. ಹೆಸರಾಂತ ವಿದ್ವಾಂಸರ ಕಚೇರಿಗೆ ನೂಕುನುಗ್ಗಲು. ಅದೇ ವೇದಿಕೆಯಲ್ಲಿ ಅದಕ್ಕೆ ಮುಂಚೆ ಹಾಡುವ ತರುಣನಿಗೆ ಹತ್ತು ಮಂದಿ ಶ್ರೋತೃಗಳು. ಹೆಸರನ್ನು ಕೇಳಲು ಹೋಗುವುದೂ ಹಾಡನ್ನು ಕೇಳಲು ಹೋಗುವುದೂ ಒಂದೇ ಅಲ್ಲ.

ಇದರಿಂದ ಯಾರಿಗೇನು ಬಾಧಕವೆಂದು ಕೆಲವರು ಕೇಳಬಹುದು. ಬಾಧಕವು ಅನ್ನಕ್ಕೆ ಸಂಬಂಧಿಸಿದುದು. ಸ್ಪಾಟಿಫೈ ಎಂಬ ಸಂಸ್ಥೆಯ ಲೆಕ್ಕದಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಅದು ಒಂದು ಕೇಳಿಕೆ. ಅರ್ಧ ಗಂಟೆಯ ರಾಗವಿಸ್ತಾರವನ್ನು ಕಡೆಯವರೆಗೆ ಕೇಳಿದರೂ ಒಂದೇ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಕೇಳಿಕೆ ತುಂಬದ ಮುದ್ರಿಕೆಗೆ ಸಂಭಾವನೆಯಿಲ್ಲವೆಂಬ ನಿಯಮವನ್ನು ಆ ಸಂಸ್ಥೆಯು ೨೦೨೪ರಿಂದ ಜಾರಿಗೆ ತಂದಿದೆ. ಚಂದಾಹಣವನ್ನೆಲ್ಲ ಒಂದೇ ರಾಶಿಗೆ ಸುರಿದು, ಕೇಳಿಕೆಗಳ ಪ್ರಮಾಣದಂತೆ ಹಂಚುವುದು ಈ ವ್ಯವಹಾರದಲ್ಲಿ ರೂಢಿ. ಆದುದರಿಂದ ತಿಂಗಳೆಲ್ಲ ಒಬ್ಬ ತತ್ವಪದಕಾರನನ್ನೇ ಕೇಳಿದವನ ಚಂದಾದ ಬಹುಭಾಗವೂ, ಅವನು ಎಂದೂ ಕೇಳದ ಜನಪ್ರಿಯರ ಪಾಲಾಗಬಹುದು. ಹಗಲಿರುಳು ಹಾಡನ್ನು ತಿರುಗಿಸುವ ಅಭಿಮಾನಿಯು ತನ್ನ ಮೆಚ್ಚಿನ ಗಾಯಕನಿಗೆ ಸೇವೆ ಸಲ್ಲಿಸುವಾಗ, ತಾನರಿಯದೆ ಮತ್ತೊಬ್ಬನ ತುತ್ತನ್ನು ಕಿರಿದುಮಾಡುತ್ತಿರುವನು.

ಧಾರವಾಡದ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಅಪೂರ್ವ ರಾಗಗಳ ಗಾಯನಕ್ಕೆ ಹೆಸರಾದವರು. ಅಂತಹ ವಿದ್ಯೆಯು ಮೊದಲ ದಿವಸದ ಕೋಟಿಯಿಂದ ಬದುಕುವಂತಹುದಲ್ಲ. ತಿಳಿದು ಕೇಳುವ ಕೆಲವರು ಊರೂರಿನಲ್ಲಿ ಇದ್ದರೆ ಬದುಕುವುದು. ಆ ಕೆಲವರು ಇಲ್ಲವಾದರೆ ಮುಂದಿನ ತಲೆಮಾರಿನ ಮನಸೂರರು ಮತ್ತೊಂದು ಉದ್ಯೋಗವನ್ನು ಹುಡುಕಬೇಕಾಗುವುದು.

ನಿಜವಾದ ಮೆಚ್ಚುಗೆಯ ಪರೀಕ್ಷೆಯು ಕಷ್ಟವಾದುದಲ್ಲ. ತನ್ನ ಪ್ರಿಯ ಗಾಯಕನು ಈ ಸಲ ಚೆನ್ನಾಗಿ ಹಾಡಲಿಲ್ಲವೆಂದು ಹೇಳಬಲ್ಲವನು ರಸಿಕ. ಹಾಗೆ ಹೇಳಿದವನ ಮೇಲೆ ಏರಿಹೋಗುವವನು ಬರಿಯ ಅಭಿಮಾನಿ. ಹಾಡಿನ ಕರ್ತೃ ಯಾರು, ಪಿಟೀಲಿನವರು ಯಾರು ಎಂದು ವಿಚಾರಿಸುವವನು ಮೊದಲನೆಯ ವರ್ಗಕ್ಕೆ ಸೇರುವನು. ಈ ಅಭ್ಯಾಸವು ಹುಟ್ಟಿನಿಂದ ಬರುವುದಲ್ಲ, ಕಲಿಸಿದರೆ ಬರುವುದು. ಪಾಠಶಾಲೆಗಳಲ್ಲಿ ವಾರಕ್ಕೊಂದು ಗಂಟೆ ಮಕ್ಕಳಿಗೆ ಸುಮ್ಮನೆ ಕುಳಿತು ಕೇಳುವುದನ್ನು ಕಲಿಸಲು ಬೊಕ್ಕಸಕ್ಕೆ ಹೆಚ್ಚು ವೆಚ್ಚವಾಗದು. ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ.

ಪತ್ರಿಕೆಯವರಾದ ನಾವೂ ಈ ತಪ್ಪಿನಿಂದ ದೂರರಲ್ಲ. ಕೋಟಿಗಳ ವರ್ತಮಾನವನ್ನು ಅಚ್ಚುಹಾಕುವವರು ನಾವೇ ಅಲ್ಲವೆ? ಆ ಜಾಗದಲ್ಲಿ ಹಾಡಿನ ಗುಣದೋಷಗಳನ್ನು ಕುರಿತು ನಾಲ್ಕು ಪಂಕ್ತಿಗಳನ್ನು ಬರೆಯಿಸುವುದು ನಮ್ಮ ಕರ್ತವ್ಯ. ವಾಚಕರು ತಮ್ಮ ಊರಿನಲ್ಲಿ ನಡೆಯುವ ಮುಂದಿನ ಕಚೇರಿಯಲ್ಲಿ, ತನಿ ಆವರ್ತನ ಮುಗಿಯುವವರೆಗೆ ಕುಳಿತಿದ್ದರೆ ಅವರ ಕರ್ತವ್ಯದ ಮೊದಲ ಕಂತು ಸಂದಂತಾಗುವುದು.