ಬಿಕ್ಕಟ್ಟು ತಾನಾಗಿ ನ್ಯಾಯ ಕೊಡುವುದಿಲ್ಲ

ಆರ್ಥಿಕ ಕುಸಿತ ಬಂದಾಗಲೆಲ್ಲ ನಮ್ಮ ನಡುವೆ ಒಂದು ಸಮಾಧಾನದ ಮಾತು ಕೇಳಿಬರುತ್ತದೆ: ‘ಇನ್ನಾದರೂ ವ್ಯವಸ್ಥೆ ಬದಲಾಗುತ್ತದೆ.’ ಕೆಟ್ಟ ಮೇಲೆ ಬುದ್ಧಿ ಬರುತ್ತದೆಂದು ಕಾದು ಕೂರುವವರಿಗೆ ಚರಿತ್ರೆ ಹೇಳುವ ಪಾಠ ಬೇರೆಯೇ ಇದೆ.

1929ರಲ್ಲಿ ನ್ಯೂಯಾರ್ಕಿನ ಶೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟರ ಆಡಳಿತ ಬ್ಯಾಂಕುಗಳಿಗೆ ಕಡಿವಾಣ ಹಾಕಿತು. ಕಾರ್ಮಿಕರಿಗೆ ಸಂಘಟಿತರಾಗುವ ಹಕ್ಕು, ವೃದ್ಧರಿಗೆ ಪಿಂಚಣಿ, ನಿರುದ್ಯೋಗಿಗಳಿಗೆ ವಿಮೆ 1935ರಲ್ಲಿ ಕಾನೂನಾದವು. ಇದೆಲ್ಲ ಬರೀ ಹಸಿವಿನಿಂದ ಆದದ್ದೇ? ಅಲ್ಲ. 1934ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಂದರಿನಲ್ಲಿ, ಮಿನಿಯಾಪೊಲಿಸ್‌ನ ಬೀದಿಗಳಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದ ಮುಷ್ಕರನಿರತ ಕಾರ್ಮಿಕರ ಒತ್ತಡವೂ ಅದರ ಹಿಂದಿತ್ತು. ಆಗಲೂ ಕೃಷಿ ಕೂಲಿಗಳನ್ನು, ಮನೆಗೆಲಸದವರನ್ನು ಪಿಂಚಣಿ ಕಾನೂನು ಹೊರಗಿಟ್ಟಿತು. ಕರಿಯ ಕಾರ್ಮಿಕರಲ್ಲಿ ಹೆಚ್ಚಿನವರು ದುಡಿಯುತ್ತಿದ್ದುದು ಅಲ್ಲಿಯೇ! ದನಿಯಿಲ್ಲದವರ ಪಾಲು ಹೀಗೆ ಬಿಟ್ಟುಹೋಯಿತು.

2008ರ ಸೆಪ್ಟೆಂಬರಿನಲ್ಲಿ ಲೆಹ್ಮನ್ ಬ್ರದರ್ಸ್ ದಿವಾಳಿಯಾದಾಗ ಬದಲಾವಣೆಯ ಬಾಗಿಲು ಮತ್ತೆ ತೆರೆಯಿತು. ಈ ಸಲ ಮೊದಲು ಒಳನುಗ್ಗಿದವರು ಬ್ಯಾಂಕುಗಳ ಒಡೆಯರು. ಮಾರುಕಟ್ಟೆಯಲ್ಲಿ ಸರಕಾರ ಕೈಹಾಕಬಾರದೆಂದು ಜಗತ್ತಿಗೆಲ್ಲ ಉಪದೇಶಿಸುತ್ತಿದ್ದವರು ‘ಸಂಕಟ ಬಂದಾಗ ವೆಂಕಟರಮಣ’ ಎಂದರು. ಮೂರು ವಾರಗಳೊಳಗೆ 70,000 ಕೋಟಿ ಡಾಲರ್ ಮಂಜೂರಾಯಿತು. ಸಾಲ ಕಟ್ಟಲಾಗದ ಲಕ್ಷಾಂತರ ಕುಟುಂಬಗಳು ಮಾತ್ರ ಮನೆ ಕಳೆದುಕೊಂಡವು.

ದೂರವೇಕೆ, ನಮ್ಮ ರಾಜ್ಯವನ್ನೇ ನೋಡಿ. 2020ರ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ಊರಿಗೆ ಹೊರಟಾಗ, ಕಟ್ಟಡ ಉದ್ಯಮಿಗಳ ಜತೆ ಸಭೆ ನಡೆಸಿದ ಬೆನ್ನಲ್ಲೇ ಕರ್ನಾಟಕ ಸರಕಾರ ಅವರ ರೈಲುಗಳನ್ನು ರದ್ದುಪಡಿಸಲು ಹೊರಟಿತು. ಟೀಕೆಯ ಸುರಿಮಳೆಯಾದ ಮೇಲೆ ಹಿಂದೆ ಸರಿಯಿತು. ಅದೇ ಮೇ ತಿಂಗಳಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಅಧಿಸೂಚನೆ ಬಂತು. ಕಾರ್ಮಿಕ ಸಂಘಟನೆ ಹೈಕೋರ್ಟಿನ ಮೆಟ್ಟಿಲೇರಿತು. ಜೂನಿನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಬಿಕ್ಕಟ್ಟು ಬಾಗಿಲನ್ನಷ್ಟೇ ತೆರೆಯುತ್ತದೆ. ಸಿದ್ಧರಾಗಿ ನಿಂತವರು ಒಳಹೋಗುತ್ತಾರೆ. ಅಂದು ನಾವೆಲ್ಲ ಆಹಾರದ ಕಿಟ್ ಹಂಚಿದೆವು. ಅದು ಮಾಡಲೇಬೇಕಾದ ಕೆಲಸವಾಗಿತ್ತು. ಆದರೆ ಕಿಟ್‌ನ ಅಕ್ಕಿ ಕೆಲವೇ ದಿನಗಳಲ್ಲಿ ಮುಗಿಯಿತು, ಹಕ್ಕಿನ ಪ್ರಶ್ನೆ ಹಾಗೇ ಉಳಿಯಿತು. ಬೀಡಿ ಕಟ್ಟುವ ತಾಯಂದಿರು, ಗಾರೆ ಕೆಲಸದವರು, ತಳ್ಳುಗಾಡಿಯವರು ಜಾತಿ-ಮತ ಮರೆತು ಒಂದಾಗುವಂತೆ ಮಾಡಲು ನಾವೆಷ್ಟು ದುಡಿದಿದ್ದೇವೆ? ಮುಂದಿನ ಕುಸಿತಕ್ಕೆ ಮುನ್ನವೇ ಇದಕ್ಕೆ ಉತ್ತರ ಕಂಡುಕೊಳ್ಳದಿದ್ದರೆ, ಬದಲಾವಣೆ ಖಂಡಿತ ಬಂದೀತು. ಆದರೆ ಅದು ನಮ್ಮದಾಗಿರುವುದಿಲ್ಲ.